ಬೀಗದ ಕೈ ಯಾರ ಹತ್ತಿರ? ದೂರದಲ್ಲಿದ್ದುಕೊಂಡು ಮೈಸೂರಿನ ಮನೆಗೆ ಹೊಸ ಬಾಡಿಗೆದಾರರನ್ನು ಹುಡುಕುವ ದಾರಿಗಳು

"ಸಾರ್, ಮುಂದಿನ ತಿಂಗಳು ಮನೆ ಖಾಲಿ ಮಾಡ್ತಿದ್ದೀವಿ" ಎಂಬ ಮೆಸೇಜು ಬರುವ ಹೊತ್ತಿಗೆ ಓನರ್ ಬೆಂಗಳೂರಿನಲ್ಲೋ ಪುಣೆಯಲ್ಲೋ ದುಬೈನಲ್ಲೋ ಇರುತ್ತಾರೆ. ಮನೆ ಕುವೆಂಪುನಗರದಲ್ಲೋ ಮಂಡ್ಯದಲ್ಲೋ ಇರುತ್ತದೆ. ತಕ್ಷಣ ಶುರುವಾಗುವುದು ಜನ ಎಲ್ಲಿ ಸಿಗುತ್ತಾರೆ ಎಂಬ ಚಿಂತೆ. ಜನ ಸಿಗುತ್ತಾರೆ. ತೊಡಕು ಬರುವುದು ಅದರ ನಂತರ: ಬಂದವರಿಗೆ ಬಾಗಿಲು ತೆಗೆದು ತೋರಿಸುವವರು ಯಾರು, ಬಂದವರು ಎಂಥವರೆಂದು ಕಣ್ಣಾರೆ ನೋಡುವವರು ಯಾರು, ಅಡ್ವಾನ್ಸ್ ಯಾರ ಖಾತೆಗೆ ಹೋಗುತ್ತದೆ, ಅಗ್ರಿಮೆಂಟಿಗೆ ಸಹಿ ಹೇಗೆ ಆಗುತ್ತದೆ. ಈ ನಾಲ್ಕು ಕೆಲಸವನ್ನೂ ಒಬ್ಬರ ತಲೆಗೇ ಕಟ್ಟಿದ ಕಡೆ ಎಡವಟ್ಟು ಹೆಚ್ಚು. ಆದ್ದರಿಂದ ಯಾವ ದಾರಿ ಹಿಡಿಯಬೇಕು ಎಂದು ತೀರ್ಮಾನಿಸುವ ಮೊದಲು ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಿ.

ಮೊದಲು ಖಾಲಿ ದಿನದ ಲೆಕ್ಕ

ಬಾಡಿಗೆ ತಿಂಗಳಿಗೆ 15,000 ಎಂದುಕೊಳ್ಳಿ. ಮನೆ ಖಾಲಿ ಇದ್ದ ಒಂದೊಂದು ದಿನಕ್ಕೂ 500 ರೂಪಾಯಿ ಹೋಯಿತು. ಬಂದವರು "14,500 ಮಾಡಿಕೊಳ್ಳಿ" ಎಂದರೆ 11 ತಿಂಗಳಿಗೆ ನಿಮಗಾಗುವ ನಷ್ಟ 5,500, ಅಂದರೆ ಹನ್ನೊಂದು ದಿನದ ಬಾಡಿಗೆ. ಐನೂರು ರೂಪಾಯಿಗೆ ಹಟ ಹಿಡಿದು ಇನ್ನೊಂದು ತಿಂಗಳು ಬಾಗಿಲು ಹಾಕಿಟ್ಟರೆ ಆ ಹಟಕ್ಕೆ ತೆತ್ತದ್ದು 15,000. ಬ್ರೋಕರ್ ಕಮಿಷನ್ ದುಬಾರಿ ಎಂದು ಗೊಣಗುವವರೂ ಇದೇ ಲೆಕ್ಕದ ಪಕ್ಕದಲ್ಲಿ ಕಮಿಷನ್ನನ್ನು ಇಟ್ಟು ನೋಡಬೇಕು.

ನಮ್ಮ ಕಡೆ ಈ ಲೆಕ್ಕಕ್ಕೆ ಪಂಚಾಂಗವೂ ಸೇರುತ್ತದೆ. ಆಷಾಢದಲ್ಲಿ ಹಾಲು ಉಕ್ಕಿಸಿ ಹೊಸ ಮನೆಗೆ ಹೋಗುವವರು ಕಡಿಮೆ. ಧನುರ್ಮಾಸದಲ್ಲೂ ಪಿತೃಪಕ್ಷದಲ್ಲೂ ಅಷ್ಟೇ. ಅದೇ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆ ಶುರುವಾಗುವ ಮುಂಚೆ ಮನೆ ಬದಲಾಯಿಸುವ ಕುಟುಂಬಗಳು ಬೀದಿ ಬೀದಿ ಸುತ್ತುತ್ತಿರುತ್ತವೆ. ಮಂಡ್ಯದಲ್ಲಿ ಸರ್ಕಾರಿ ನೌಕರರ ವರ್ಗಾವಣೆಯೂ ಸುಮಾರು ಇದೇ ಹೊತ್ತಿಗೆ ಬರುತ್ತದೆ. ಆದ್ದರಿಂದ ಜೂನ್ ಕೊನೆಗೆ ಖಾಲಿಯಾಗುವ ಮನೆಗೂ ಮೇ ಕೊನೆಗೆ ಖಾಲಿಯಾಗುವ ಮನೆಗೂ ಬಹಳ ವ್ಯತ್ಯಾಸ. ಈಗಿರುವವರು ಜೂನ್ ಎಂದರೆ "ಹದಿನೈದು ದಿನ ಮುಂಚೆ ಬಿಟ್ಟರೆ ಆ ಹದಿನೈದು ದಿನದ ಬಾಡಿಗೆ ಬೇಡ" ಎಂದು ಹೇಳಿ ನೋಡಿ, 7,500 ಬಿಟ್ಟುಕೊಟ್ಟು ಆಷಾಢದ ತಿಂಗಳು ಉಳಿಸಿಕೊಂಡ ಹಾಗಾಗುತ್ತದೆ. ಅದು ಆಗದಿದ್ದರೆ ಆಷಾಢದಲ್ಲೇ ಅಗ್ರಿಮೆಂಟ್ ಮಾಡಿ, ಟೋಕನ್ ತೆಗೆದುಕೊಂಡು, ಶ್ರಾವಣದ ಮೊದಲ ವಾರ ಪ್ರವೇಶಕ್ಕೆ ಬಿಡುವುದು ಎರಡನೇ ದಾರಿ.

ಹೋಗುವವರೇ ಬದಲಿ ಜನ ತರುವುದು

ದೂರದ ಓನರಿಗೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ, ಕಮಿಷನ್ ಇಲ್ಲ, ಮನೆ ಹೆಚ್ಚು ದಿನ ಖಾಲಿ ಬೀಳುವುದಿಲ್ಲ. ಬೀಗದ ಕೈ ಹೋಗುವವರ ಹತ್ತಿರವೇ ಇರುತ್ತದೆ. ಸಾಮಾನು ಇರುವ, ಒಲೆ ಉರಿಯುತ್ತಿರುವ ಮನೆಯನ್ನು ನೋಡಿದವರಿಗೆ ಅದು ಬೇಗ ಹಿಡಿಸುತ್ತದೆ. ಹೆಬ್ಬಾಳ, ಹೂಟಗಳ್ಳಿ, ವಿಜಯನಗರದ ಕಡೆ ಕಂಪನಿ ಕೆಲಸದವರು ಇರುವ ಮನೆಗಳು ಹೀಗೆ ಒಬ್ಬ ಸಹೋದ್ಯೋಗಿಯಿಂದ ಇನ್ನೊಬ್ಬರಿಗೆ ದಾಟುತ್ತಲೇ ಇರುತ್ತವೆ.

ಆದರೆ ಹೋಗುವವರಿಗೆ ಬೇಕಿರುವುದು ಬೇಗ ಬಿಡುಗಡೆ. ಬಂದವರು ಬಾಡಿಗೆ ಸರಿಯಾಗಿ ಕಟ್ಟುತ್ತಾರೋ ಇಲ್ಲವೋ ಎಂಬುದು ಅವರ ತಲೆನೋವಲ್ಲ. ಇನ್ನೂ ದೊಡ್ಡ ಅಪಾಯ ಅಡ್ವಾನ್ಸಿನದು. "ನಮ್ಮ ಒಂದು ಲಕ್ಷ ನಾವೇ ಅವರಿಂದ ಇಸ್ಕೊಂಡಿದ್ದೀವಿ, ನೀವು ಏನೂ ಕಳಿಸೋದು ಬೇಡ" ಎಂದು ಫೋನು ಬಂದರೆ ಒಪ್ಪಬೇಡಿ. ಹಾಗಾದರೆ ಹೊಸಬರು ನಿಮಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ, ಆದರೆ ನಾಳೆ ಖಾಲಿ ಮಾಡುವಾಗ ಲಕ್ಷ ಕೇಳುವುದು ನಿಮ್ಮನ್ನೇ. ಹಳಬರು ಒಡೆದ ಸಿಂಕು, ಕಟ್ಟದ ಕರೆಂಟ್ ಬಿಲ್ಲು ಎಲ್ಲ ಯಾರ ಲೆಕ್ಕವೆಂದು ಗೊತ್ತಾಗದೆ ಕೊನೆಗೆ ನಿಮ್ಮ ಕುತ್ತಿಗೆಗೇ ಬರುತ್ತದೆ.

ಸರಿಯಾದ ಕ್ರಮ ಹೀಗೆ. ಹೊಸಬರ ಅಡ್ವಾನ್ಸ್ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ. ಹಳಬರು ಮನೆ ಪೂರ್ತಿ ಖಾಲಿ ಮಾಡಲಿ, ಕನಿಷ್ಠ ಒಂದು ದಿನ ಖಾಲಿ ಮನೆಯನ್ನು ನಿಮ್ಮ ಕಡೆಯವರು ಯಾರಾದರೂ ನೋಡಲಿ. ಕರೆಂಟ್, ನೀರು, ಕರಾರಿನಲ್ಲಿ ಬರೆದಿದ್ದರೆ ಪೇಂಟಿಂಗ್ ಖರ್ಚು, ಇವನ್ನು ಕಳೆದು ಉಳಿದದ್ದನ್ನು ನೀವೇ ಹಳಬರಿಗೆ ಹಿಂದಿರುಗಿಸಿ. ಹಳೇ ಅಗ್ರಿಮೆಂಟ್ ಮುಗಿಯಿತೆಂದು ಒಂದು ಸಾಲು ಬರೆಸಿಕೊಂಡು, ಹೊಸಬರ ಹೆಸರಲ್ಲಿ ಹೊಸ ಅಗ್ರಿಮೆಂಟ್ ಮಾಡಿ. ಹಳೆಯದರಲ್ಲೇ ಹೆಸರು ತಿದ್ದುವ ಸುಲಭದ ಉಪಾಯ ಬೇಡ.

ಇಲ್ಲಿ ಒಂದು ಮಾತು. ಹಳಬರ ಅಡ್ವಾನ್ಸ್ ಖರ್ಚಾಗಿಹೋಗಿದೆ, ಹೊಸಬರದ್ದು ಬಂದ ಮೇಲೆ ಕೊಡೋಣ ಎಂದು ಕೂತಿರುವ ಓನರುಗಳು ತುಂಬ. ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇದರಿಂದಲೇ. ಹಣ ಕೈಗೆ ಬಾರದ ಹಳಬರು ಬೀಗದ ಕೈ ಕೊಡುವುದಿಲ್ಲ, ಬೀಗ ತೆಗೆಯದ ಮನೆಯನ್ನು ಹೊಸಬರು ನೋಡುವುದಿಲ್ಲ. ಅಡ್ವಾನ್ಸನ್ನು ಬೇರೆ ಎಫ್‌ಡಿಯಲ್ಲಿ ಇಟ್ಟವರಿಗೆ ಈ ಕಗ್ಗಂಟೇ ಇರುವುದಿಲ್ಲ.

ಪಕ್ಕದ ಮನೆಯವರು, ನೆಂಟರು, ಗೇಟಿನ ಬೋರ್ಡು

ಮೈಸೂರಿನಲ್ಲಿ ಈಗಲೂ ಮನೆ ಹುಡುಕುವವರು ಗಾಡಿಯಲ್ಲಿ ಬಡಾವಣೆ ಸುತ್ತಿ ಟು-ಲೆಟ್ ಬೋರ್ಡು ನೋಡುತ್ತಾರೆ. ಅದೇ ಏರಿಯಾದಲ್ಲೇ, ಮಕ್ಕಳ ಶಾಲೆಗೆ ಹತ್ತಿರವೇ ಮನೆ ಬೇಕೆನ್ನುವ ಕುಟುಂಬಗಳು ಸಿಗುವುದು ಈ ಬೋರ್ಡಿನಿಂದಲೇ. ಸರಸ್ವತಿಪುರಂ, ಕುವೆಂಪುನಗರ, ರಾಮಕೃಷ್ಣನಗರದಂಥ ಹಳೇ ಬಡಾವಣೆಗಳಲ್ಲಿ ಒಂದು ಬೋರ್ಡು, ಮೂಲೆಯ ದಿನಸಿ ಅಂಗಡಿಯವರಿಗೆ ಒಂದು ಮಾತು, ಸ್ಥಳೀಯ ಪತ್ರಿಕೆಯಲ್ಲಿ ಎರಡು ಸಾಲಿನ ವರ್ಗೀಕೃತ ಜಾಹೀರಾತು, ಇಷ್ಟರಲ್ಲೇ ಕೆಲಸ ಆಗಿಬಿಡುವುದುಂಟು. ಮಂಡ್ಯದಲ್ಲಂತೂ ಬಾಯಿಮಾತೇ ಮುಖ್ಯ. ಮೆಡಿಕಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜು, ಜಿಲ್ಲಾ ಕಚೇರಿಗಳಲ್ಲಿ ಗೊತ್ತಿರುವವರು ಒಬ್ಬರಿದ್ದರೆ ಸಾಕು.

ಇದರಲ್ಲಿ ಕೆಡುವುದು ಸಂಬಂಧ. ಎದುರು ಮನೆ ಆಂಟಿ "ಅದಕ್ಕೇನಂತೆ, ಬೀಗದ ಕೈ ಕೊಟ್ಟಿರಿ" ಎನ್ನುತ್ತಾರೆ. ಒಂದು ವಾರದಲ್ಲಿ ಆರು ಜನ ಬಂದು ಅವರ ಊಟದ ಹೊತ್ತಿಗೇ ಬೆಲ್ಲು ಒತ್ತಿದ ಮೇಲೆ ಫೋನು ಎತ್ತುವುದು ನಿಲ್ಲಿಸುತ್ತಾರೆ. ಊರಿಗೆ ಬಂದಾಗ ಕೊಡುವ ಒಂದು ಡಬ್ಬ ಮೈಸೂರು ಪಾಕು ಇದಕ್ಕೆ ಸಾಲದು. ಮೊದಲೇ ಇಂತಿಷ್ಟು ಎಂದು ಹೇಳಿ ಹಣ ಕೊಡಿ, ಸಂಕೋಚವಾದರೆ ಅವರ ಮನೆಯ ಕಾಲೇಜಿಗೆ ಹೋಗುವ ಹುಡುಗನಿಗೋ ಹುಡುಗಿಗೋ ಕೊಡಿ. ಬೋರ್ಡಿನಲ್ಲಿ ನಿಮ್ಮ ನಂಬರನ್ನೇ ಹಾಕಿ, ಅವರದ್ದಲ್ಲ. ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಎಂದು ಎರಡೇ ಹೊತ್ತು ಗೊತ್ತು ಮಾಡಿ, ಬರುವವರನ್ನೆಲ್ಲ ಆ ಹೊತ್ತಿಗೆ ಸೇರಿಸಿ ಕಳಿಸಿ. ಮನೆ ತೋರಿಸುವುದಷ್ಟೇ ಅವರ ಕೆಲಸ. ಬಾಡಿಗೆ ಮಾತುಕತೆಯನ್ನೂ ಹಣವನ್ನೂ ಅವರ ಮೂಲಕ ಮಾಡಿಸಿದರೆ ನೆಂಟಸ್ತನ ಉಳಿಯುವುದಿಲ್ಲ.

ಬೆಂಗಳೂರಿನಲ್ಲಿರುವ ಓನರಿಗೆ ಇದೇ ನಮ್ಮ ಮೊದಲ ಆಯ್ಕೆ. 2023ರಲ್ಲಿ ಎಕ್ಸ್‌ಪ್ರೆಸ್‌ ವೇ ತೆರೆದ ಮೇಲೆ ಭಾನುವಾರ ಬೆಳಿಗ್ಗೆ ಹೊರಟು, ಮೂರ್ನಾಲ್ಕು ಕುಟುಂಬಗಳನ್ನು ನೋಡಿ, ರಾತ್ರಿ ಊಟಕ್ಕೆ ವಾಪಸ್ ಬರಬಹುದು. ಆ ಒಂದು ದಿನದ ಓಡಾಟ ಇಡೀ ವರ್ಷದ ತಲೆನೋವು ತಪ್ಪಿಸುತ್ತದೆ.

ಬ್ರೋಕರ್

ಬ್ರೋಕರ್ ಕಮಿಷನ್ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ, ಸಣ್ಣ ಮನೆಗಳಿಗೆ ಅರ್ಧ ತಿಂಗಳದ್ದಕ್ಕೂ ಒಪ್ಪುವವರಿದ್ದಾರೆ. ಎರಡು ಕಡೆಯಿಂದಲೂ ತೆಗೆದುಕೊಳ್ಳುತ್ತಾರೆ ಎಂಬುದು ಗೊತ್ತಿರಲಿ. ಒಳ್ಳೆಯ ಬ್ರೋಕರ್ ಹತ್ತಿರ ಈಗಾಗಲೇ ಹತ್ತಾರು ಜನ "ಈ ಏರಿಯಾದಲ್ಲಿ ಇದ್ದರೆ ಹೇಳಿ" ಎಂದು ಹೇಳಿಟ್ಟಿರುತ್ತಾರೆ. ಅವಸರಕ್ಕೆ ಅವರೇ ಸರಿ.

ಒಂದೇ ವಿಷಯ ನೆನಪಿಡಿ: ಬ್ರೋಕರಿಗೆ ದುಡ್ಡು ಸಿಗುವುದು ಜನ ಬಂದಾಗ, ಉಳಿದಾಗ ಅಲ್ಲ. ವರ್ಷಕ್ಕೊಮ್ಮೆ ಮನೆ ಖಾಲಿಯಾದರೆ ನಿಮಗೆ ನಷ್ಟ, ಅವರಿಗೆ ಇನ್ನೊಂದು ಕಮಿಷನ್. ಅದಕ್ಕೇ "ಆರು ತಿಂಗಳೊಳಗೆ ಖಾಲಿ ಮಾಡಿದರೆ ಮುಂದಿನ ಜನರನ್ನು ಕಮಿಷನ್ ಇಲ್ಲದೆ ತರಬೇಕು" ಎಂದು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಬೀಗದ ಕೈಯನ್ನು ಮೂರು ಬ್ರೋಕರುಗಳಿಗೆ ಹಂಚಬೇಡಿ. ಒಬ್ಬರ ಹತ್ತಿರ ಇರಲಿ, ಉಳಿದವರು ಅವರಿಂದ ಪಡೆಯಲಿ. ಖಾಲಿ ಮನೆಯ ಕೈ ಹಲವರ ಹತ್ತಿರ ಇದ್ದರೆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ಕೊನೆಯಲ್ಲಿ ಗೊತ್ತಾಗುತ್ತದೆ. ಟೋಕನ್ ಹಣ ಬ್ರೋಕರ್ ಖಾತೆಗೆ ಹೋಗಕೂಡದು. ಹೋದರೆ, ಬಂದವರು ಮನಸ್ಸು ಬದಲಾಯಿಸಿದಾಗ ಹಿಂದಿರುಗಿಸು ಎಂದು ಬಯ್ಯುವುದು ನಿಮಗೇ.

ಆನ್‌ಲೈನ್ ಜಾಹೀರಾತು

ಓಎಲ್‌ಎಕ್ಸ್, ಮ್ಯಾಜಿಕ್‌ಬ್ರಿಕ್ಸ್, 99ಏಕರ್ಸ್, ಫೇಸ್‌ಬುಕ್ ಗುಂಪುಗಳು. ಖರ್ಚು ಕಡಿಮೆ, ಹೊರಊರಿಂದ ಮೈಸೂರಿಗೆ ಕೆಲಸಕ್ಕೆ ಬರುವವರು ಸಿಗುವುದು ಇಲ್ಲೇ. ಜಾಹೀರಾತು ಹಾಕಿದ ಹತ್ತು ನಿಮಿಷಕ್ಕೆ ಬರುವ ಮೊದಲ ಐದು ಕರೆ ಬ್ರೋಕರುಗಳದ್ದಾಗಿರುತ್ತದೆ, ಅದು ಬೇರೆ ಮಾತು.

ಕೆಟ್ಟ ಮೋಸ ನಡೆಯುವುದೂ ಇಲ್ಲೇ, ಅದಕ್ಕೆ ಸುಲಭದ ಬಲಿ ದೂರದ ಓನರ್. ಕರೆ ಮಾಡಿದವರು ಸೈನ್ಯದಲ್ಲೋ ಸಿಐಎಸ್‌ಎಫ್‌ನಲ್ಲೋ ಇದ್ದೇವೆ, ಮೈಸೂರಿಗೆ ಟ್ರಾನ್ಸ್‌ಫರ್ ಆಗಿದೆ ಎನ್ನುತ್ತಾರೆ. ಮನೆ ನೋಡುವ ಮಾತೇ ಆಡದೆ ಒಪ್ಪುತ್ತಾರೆ, ಗುರುತಿನ ಚೀಟಿಯ ಫೋಟೋ ಕಳಿಸುತ್ತಾರೆ. "ಅಡ್ವಾನ್ಸ್ ಹಾಕ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎನ್ನುತ್ತಾರೆ. ಹಣ ಬರುವುದಕ್ಕೆ ಸ್ಕ್ಯಾನ್ ಮಾಡಬೇಕಿಲ್ಲ, ಯುಪಿಐ ಪಿನ್ ಒತ್ತಬೇಕಿಲ್ಲ. ಪಿನ್ ಒತ್ತಿದರೆ ನಿಮ್ಮ ಖಾತೆಯಿಂದಲೇ ಹೋಗುತ್ತದೆ. ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆ ನೋಡದೆ ಹಣ ಕೊಡುತ್ತೇವೆ ಎನ್ನುವವರನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಇದಕ್ಕೆ ಉಲ್ಟಾ ಮೋಸವೂ ಇದೆ: ನಿಮ್ಮ ಮನೆಯ ಫೋಟೋಗಳನ್ನೇ ಕದ್ದು ಬೇರೆಯವರು ಜಾಹೀರಾತು ಹಾಕಿ ಟೋಕನ್ ಎತ್ತುತ್ತಾರೆ. ಮನೆ ನಂಬರು, ಗೇಟಿನ ನಾಮಫಲಕ ಕಾಣದ ಹಾಗೆ ಫೋಟೋ ಹಾಕಿ.

ಜಾಹೀರಾತಿನಲ್ಲಿ ಏನು ಬರೆಯಬೇಕು? ನೋಡುವವರು ಕೇಳುವುದನ್ನೇ ಬರೆಯಿರಿ. ಕಾವೇರಿ ಅಥವಾ ಕಬಿನಿ ನೀರು ಎಷ್ಟು ದಿನಕ್ಕೊಮ್ಮೆ, ಸಂಪು ಎಷ್ಟು ಲೀಟರು, ಬೋರ್ ಇದೆಯೇ, ಸೋಲಾರ್ ಇದೆಯೇ, ಕಾರು ನಿಲ್ಲುತ್ತದೆಯೇ ಅಥವಾ ಸ್ಕೂಟರ್ ಮಾತ್ರವೇ, ಬಾಗಿಲು ಯಾವ ದಿಕ್ಕು, ಎಷ್ಟನೇ ಮಹಡಿ. ಬಾಡಿಗೆ, ಅಡ್ವಾನ್ಸ್, ಮೇಂಟೆನೆನ್ಸ್ ಮೂರನ್ನೂ ಅಂಕಿಯಲ್ಲಿ ಹಾಕಿ. "ಸಸ್ಯಾಹಾರಿಗಳಿಗೆ ಮಾತ್ರ" ಎಂದು ಬರೆಯುವವರಿದ್ದಾರೆ. ಒಳ್ಳೆಯ ಬಾಡಿಗೆದಾರರಿಗೂ ತಟ್ಟೆಯಲ್ಲಿ ಏನಿದೆ ಎಂಬುದಕ್ಕೂ ಸಂಬಂಧವಿಲ್ಲ. ಮನೆ ಮಾತ್ರ ಎರಡು ತಿಂಗಳು ಹೆಚ್ಚು ಖಾಲಿ ಇರುತ್ತದೆ.

ಮನೆ ನೋಡಿಕೊಳ್ಳುವ ಸಂಸ್ಥೆಗಳು, ಪಿಜಿಯವರು, ಭೋಗ್ಯ

ತಿಂಗಳ ಬಾಡಿಗೆಯಲ್ಲಿ ಶೇಕಡಾ ಇಷ್ಟೆಂದು ತೆಗೆದುಕೊಂಡು ಜನ ಹುಡುಕುವುದರಿಂದ ಹಿಡಿದು ನಲ್ಲಿ ರಿಪೇರಿಯವರೆಗೆ ನೋಡಿಕೊಳ್ಳುವವರಿದ್ದಾರೆ. ಶೇ. 8 ಎಂದರೂ 15,000 ಬಾಡಿಗೆಗೆ ತಿಂಗಳಿಗೆ 1,200, ವರ್ಷಕ್ಕೆ 14,400. ಹೆಚ್ಚುಕಡಿಮೆ ಬ್ರೋಕರ್ ಕಮಿಷನ್ನಿನಷ್ಟೇ, ಆದರೆ ಪ್ರತಿ ವರ್ಷ. ಹೊರದೇಶದಲ್ಲಿದ್ದು ಮೈಸೂರಿನಲ್ಲಿ ಯಾರೂ ಇಲ್ಲದವರಿಗೆ ಇದು ಬೆಲೆಬಾಳುತ್ತದೆ. ಬೆಂಗಳೂರಿನವರಿಗೆ ಬೇಕಿಲ್ಲ. ಒಪ್ಪಂದದಲ್ಲಿ ನೋಡಬೇಕಾದದ್ದು ಎರಡು: ಮನೆ ಖಾಲಿ ಇದ್ದ ತಿಂಗಳಿಗೂ ಶುಲ್ಕ ಇದೆಯೇ, ಎಷ್ಟು ರೂಪಾಯಿವರೆಗಿನ ರಿಪೇರಿಯನ್ನು ನಿಮ್ಮನ್ನು ಕೇಳದೆ ಮಾಡಿಸಬಹುದು.

ಮಾನಸಗಂಗೋತ್ರಿ, ಬೋಗಾದಿ, ಕಾಲೇಜುಗಳ ಸುತ್ತ ಇಡೀ ಮನೆಯನ್ನೇ ಪಿಜಿಗೆ ಕೇಳುವವರು ಹೆಚ್ಚು ಬಾಡಿಗೆ ಕೊಡುತ್ತಾರೆ. ಐದು ಜನಕ್ಕೆಂದು ಕಟ್ಟಿದ ಮನೆಯಲ್ಲಿ ಹದಿನೈದು ಜನ ಇದ್ದರೆ ಸಂಪು, ಸೆಪ್ಟಿಕ್ ಲೈನು, ಮೋಟಾರು ಎಲ್ಲ ಮೂರು ಪಟ್ಟು ಬೇಗ ಸವೆಯುತ್ತವೆ. ಹತ್ತಿರ ಇದ್ದು ನೋಡಿಕೊಳ್ಳುವವರಿಗಷ್ಟೇ ಇದು ಲಾಭ.

ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ಎರಡು ಮೂರು ತಿಂಗಳಿಗೆ ಕೊಟ್ಟರೆ ಹಣ ಚೆನ್ನಾಗಿ ಬರುತ್ತದೆ. ಆದರೆ ವಿದೇಶಿಯರನ್ನು ಇರಿಸಿಕೊಂಡವರು 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಲೇಬೇಕು. ಮನೆ ಸಜ್ಜುಗೊಳಿಸಿ ಇಡಬೇಕು, ಎರಡು ತಿಂಗಳಿಗೊಮ್ಮೆ ಹೊಸಬರನ್ನು ಹುಡುಕಬೇಕು. ಊರಲ್ಲಿ ಒಬ್ಬರು ನಿಮ್ಮವರಿಲ್ಲದೆ ಇದು ಆಗದ ಕೆಲಸ.

ಭೋಗ್ಯದ ಆಸೆಗೆ ದೂರದವರು ಬೀಳುವುದು ಸಹಜ, ಒಮ್ಮೆ ಹಣ ಬಂದರೆ ಪ್ರತಿ ತಿಂಗಳ ಬಾಡಿಗೆ ಕೇಳುವ ಗೋಜಿಲ್ಲ. ಲೆಕ್ಕ ಹಾಕಿ: 12 ಲಕ್ಷ ಭೋಗ್ಯದ ಹಣಕ್ಕೆ ಶೇ. 7ರ ಬಡ್ಡಿ ವರ್ಷಕ್ಕೆ 84,000, ತಿಂಗಳಿಗೆ 7,000. ಬಾಡಿಗೆ 15,000 ಬರುವ ಮನೆಯಾದರೆ ಅರ್ಧವೂ ಇಲ್ಲ. ದುಬಾರಿ ಬಡ್ಡಿಯ ಸಾಲ ತೀರಿಸುವುದಿದ್ದರೆ ಮಾತ್ರ ಇದಕ್ಕೆ ಅರ್ಥವಿದೆ. ಅವಧಿ ಮುಗಿದಾಗ 12 ಲಕ್ಷ ಒಟ್ಟಿಗೆ ಕೊಡಬೇಕು, ಮುಂದಿನ ಭೋಗ್ಯದವರು ಸಿಗುವ ತನಕ ಹಳಬರು ಏಳುವುದಿಲ್ಲ. ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು, ಅದಕ್ಕೆ ನೀವೋ ನಿಮ್ಮ ಪವರ್ ಆಫ್ ಅಟಾರ್ನಿ ಇರುವವರೋ ಬರಬೇಕು. ಗೃಹಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು.

ಜನರನ್ನು ನೋಡದೆ ಅಳೆಯುವುದು

ಯಾವ ದಾರಿಯಿಂದ ಬಂದರೂ ವಿಡಿಯೋ ಕಾಲಿನಲ್ಲಿ ಮನೆಮಂದಿಯನ್ನೆಲ್ಲ ಒಮ್ಮೆ ಮಾತಾಡಿಸಿ. ಎಷ್ಟು ಜನ ಇರುತ್ತಾರೆ, ಗಾಡಿಗಳೆಷ್ಟು, ನಾಯಿ ಇದೆಯೇ, ಈಗಿನ ಮನೆ ಯಾಕೆ ಬಿಡುತ್ತಿದ್ದಾರೆ. ಆಧಾರ್ ಜೊತೆ ಕೆಲಸದ ಗುರುತಿನ ಚೀಟಿ ಕೇಳಿ. ಹಳೆಯ ಓನರ್ ನಂಬರ್ ಕೇಳುವಾಗ ಈಗಿನವರದ್ದೊಂದೇ ಸಾಲದು. ಈಗಿನ ಓನರಿಗೆ ಇವರು ತೊಲಗಿದರೆ ಸಾಕಾಗಿದ್ದರೆ ಹೊಗಳಿಯೇ ಕಳಿಸುತ್ತಾರೆ. ಅದಕ್ಕೂ ಹಿಂದಿನ ಓನರ್ ನಿಜ ಹೇಳುತ್ತಾರೆ. ಬಾಡಿಗೆದಾರರ ವಿವರವನ್ನು ಆ ಏರಿಯಾದ ಪೊಲೀಸ್ ಠಾಣೆಗೆ ಕೊಡುವುದನ್ನೂ ಬಿಡಬೇಡಿ.

ಅಗ್ರಿಮೆಂಟ್ 11 ತಿಂಗಳಿಗೆ ಮಾಡುವುದಕ್ಕೆ ಕಾರಣ, ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಸ್ಟಾಂಪ್ ಶುಲ್ಕ ಕಟ್ಟಿ ಪತ್ರವನ್ನು ಮೈಸೂರಿನಲ್ಲಿ ಸಿದ್ಧಪಡಿಸಿ, ಎರಡು ಪ್ರತಿ ಮಾಡಿ, ಅವರ ಸಹಿ, ಸಾಕ್ಷಿಗಳ ಸಹಿ ಆದ ಮೇಲೆ ಕೊರಿಯರಿನಲ್ಲಿ ತರಿಸಿ ನೀವು ಸಹಿ ಹಾಕಬಹುದು. ಖಾಲಿ ಮಾಡುವ ನೋಟಿಸ್ ಎರಡು ತಿಂಗಳು ಎಂದು ಬರೆಸಿ. ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಕಾನೂನು ಹೇಳುವುದು ಹದಿನೈದೇ ದಿನ, ದೂರದವರಿಗೆ ಅದು ಏನೇನೂ ಸಾಲದು. ನೋಟಿಸ್ ಅವಧಿಯಲ್ಲಿ ವಾರಕ್ಕೆ ಎರಡು ಸಲ ಮನೆ ತೋರಿಸಲು ಅವಕಾಶ ಕೊಡಬೇಕು ಎಂಬ ಸಾಲೂ ಇರಲಿ. ಅಡ್ವಾನ್ಸ್ ಪೂರ್ತಿ ಖಾತೆಗೆ ಬಾರದೆ ಬೀಗದ ಕೈ ಕೊಡಬೇಡಿ. "ಅರ್ಧ ಈಗ, ಉಳಿದದ್ದು ಸಂಬಳ ಆದ ಮೇಲೆ" ಎಂದು ಒಳಗೆ ಬಂದವರಿಂದ ಉಳಿದರ್ಧ ವಸೂಲಿ ಮಾಡಲು ಫೋನಿನಲ್ಲಿ ಆಗುವುದಿಲ್ಲ.

ನೀವು ಅನಿವಾಸಿ ಭಾರತೀಯರಾಗಿದ್ದರೆ ಇನ್ನೊಂದು ಗಂಟಿದೆ. ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರರು ಶೇ. 31.2 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 15,000ದಲ್ಲಿ 4,680 ಅಲ್ಲಿಗೆ ಹೋಗಿ ನಿಮ್ಮ ಎನ್‌ಆರ್‌ಒ ಖಾತೆಗೆ ಬರುವುದು 10,320. ಅದಕ್ಕೆ ಅವರು ತೆರಿಗೆ ಹಿಡಿಯುವವರಿಗೆ ಕೊಡುವ ಟ್ಯಾನ್ ನಂಬರ್ ಪಡೆಯಬೇಕು. ಹೆಚ್ಚು ಹಿಡಿದದ್ದನ್ನು ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು, ಅಥವಾ ಕಡಿಮೆ ಹಿಡಿಯುವಂತೆ ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ತೆಗೆದುಕೊಳ್ಳಬಹುದು. ಇದನ್ನು ಮುಚ್ಚಿಟ್ಟು ಮನೆ ಕೊಟ್ಟರೆ ತೆರಿಗೆ ನೋಟಿಸ್ ಬರುವುದು ಬಾಡಿಗೆದಾರರಿಗೆ. ಮೊದಲ ಮಾತಿನಲ್ಲೇ ಹೇಳಿಬಿಡಿ. ಪವರ್ ಆಫ್ ಅಟಾರ್ನಿ ಕೊಡುವುದಾದರೆ ಈ ಮನೆಯನ್ನು ಬಾಡಿಗೆಗೆ ಕೊಡುವುದಕ್ಕಷ್ಟೇ ಸೀಮಿತವಾಗಿರಲಿ, ಮಾರುವ ಅಧಿಕಾರ ಅದರಲ್ಲಿ ನುಸುಳದಿರಲಿ. ಹೊರದೇಶದಲ್ಲಿ ಬರೆದದ್ದಕ್ಕೆ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು.

ಹಳಬರು ಹೋದ ದಿನ

ಖಾಲಿ ಮನೆ ನೋಡಲು ಹೋದ ನಿಮ್ಮ ಕಡೆಯವರು ವಿಡಿಯೋದಲ್ಲಿ ತೋರಿಸಬೇಕಾದದ್ದು ಗೋಡೆಯ ಬಣ್ಣವಲ್ಲ. ಬಚ್ಚಲಿನ ಹಿಂದಿನ ಗೋಡೆಯ ಬುಡದಲ್ಲಿ ತೇವ ಇದೆಯೇ, ಬಾಗಿಲ ಚೌಕಟ್ಟಿನಲ್ಲಿ ಗೆದ್ದಲು ಇದೆಯೇ, ಸಂಪಿನ ಮುಚ್ಚಳ ತೆಗೆದು ಒಳಗೆ, ಮೋಟಾರು ಹಾಕಿ ನೀರು ಏರುತ್ತದೆಯೇ, ಎಲ್ಲ ನಲ್ಲಿ ಬಿಟ್ಟು, ಎಲ್ಲ ಸ್ವಿಚ್ ಹಾಕಿ. ಚೆಸ್ಕಾಂ ಕರೆಂಟ್ ಮೀಟರಿನ ರೀಡಿಂಗ್ ಮತ್ತು ಆ ಸಂಪರ್ಕದ ಆರ್‌ಆರ್ ನಂಬರ್, ವಾಣಿ ವಿಲಾಸದ ನೀರಿನ ಮೀಟರ್, ಎರಡರ ಫೋಟೋ ಬೇಕು.

ಮನೆ ಕೆಲವು ವಾರ ಖಾಲಿ ಇರುವುದಾದರೆ ವಾರಕ್ಕೊಮ್ಮೆ ಪ್ರತಿ ಬಚ್ಚಲ ಜಾಲರಿಗೂ ಒಂದು ಚೊಂಬು ನೀರು ಹಾಕಿಸಿ. ಜಾಲರಿಯ ಕೆಳಗಿನ ಬಾಗಿದ ಕೊಳವೆಯಲ್ಲಿ (ಟ್ರ್ಯಾಪ್) ನಿಂತ ನೀರು ಒಣಗಿದರೆ ಚರಂಡಿ ವಾಸನೆ, ಜಿರಲೆ ಎರಡೂ ಒಳಗೆ ಬರುತ್ತವೆ. ಬಾಗಿಲು ತೆಗೆದ ಕೂಡಲೇ ಮೂಗು ಮುಚ್ಚಿಕೊಂಡ ಮನೆಯನ್ನು ಯಾರೂ ಒಪ್ಪುವುದಿಲ್ಲ.

ಅಡ್ವಾನ್ಸ್ ಹಿಂದಿರುಗಿಸುವ ಮುಂಚೆ ಹಳಬರಿಂದ ಗೃಹಜ್ಯೋತಿಯನ್ನು ಡಿಲಿಂಕ್ ಮಾಡಿಸಿ. ನಿಮ್ಮ ಆರ್‌ಆರ್ ನಂಬರಿಗೆ ಅವರ ಆಧಾರ್ ಜೋಡಿಸಿಕೊಂಡೇ ಹೋಗಿಬಿಟ್ಟರೆ, ಹೊಸಬರು ಅರ್ಜಿ ಹಾಕಲು ಆಗದೆ ಮೊದಲ ತಿಂಗಳ ಕರೆಂಟ್ ಬಿಲ್ಲಿಗೇ ನಿಮಗೆ ಫೋನು ಮಾಡುತ್ತಾರೆ. ಸೇವಾ ಸಿಂಧು ಪೋರ್ಟಲಿನಲ್ಲಿ ಐದು ನಿಮಿಷದ ಕೆಲಸ. ಆದರೆ ಒಟಿಪಿ ಹೋಗುವುದು ಹಳಬರ ಮೊಬೈಲಿಗೆ, ಹಣ ಕೈಸೇರಿದ ಮೇಲೆ ಆ ಮೊಬೈಲನ್ನು ಅವರು ಎತ್ತುವುದು ಕಷ್ಟ.